ಬೇಲಿಯೇ ಹೊಲ ಮೇಯ್ದಾಗ: ಗಣಕ ಕಾವಲಿನ ಪಾಠಗಳು

2024ರ ಜುಲೈ 19ರಂದು ದೆಹಲಿ, ಮುಂಬಯಿ, ಹೈದರಾಬಾದ್, ಚೆನ್ನೈ ಹಾಗೂ ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ವ್ಯವಸ್ಥೆ ಅಸ್ತವ್ಯಸ್ತಗೊಂಡು, ಕೆಲವು ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಸ್ಥಗಿತಗೊಂಡವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಇದಕ್ಕೆ ಕಾರಣ ಯಾವ ವೈರಸ್ಸೂ ಅಲ್ಲ, ಗಣಕಗಳನ್ನು ಕಾಯಲೆಂದೇ ಇರಿಸಿದ್ದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಫಾಲ್ಕನ್ ತಂತ್ರಾಂಶ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆದರೆ ಇಲ್ಲಿ ಬೇಲಿಗೆ ದುರುದ್ದೇಶವಿರಲಿಲ್ಲ ಎಂಬುದೇ ನಾವು ಯೋಚಿಸಬೇಕಾದ ಸಂಗತಿ.

ಗಣಕವು ಕೆಲಸ ಮಾಡುತ್ತಿರುವಾಗಲೇ ಅದರ ನಡವಳಿಕೆಯನ್ನು ಗಮನಿಸುತ್ತಿರುವುದು ಇಂತಹ ಕಾವಲು ತಂತ್ರಾಂಶದ ಕೆಲಸ. ಅದು ಅನುಸರಿಸುವ ನಿಯಮಗಳ ಕಡತ ಆಗಾಗ ಬದಲಾಗುತ್ತದೆ. ಅಂದು ಬಂದ ಹೊಸ ಕಡತವು 21 ಅಂಕಣಗಳ ಲೆಕ್ಕದಲ್ಲಿ ಸಿದ್ಧವಾಗಿತ್ತು. ಅದನ್ನು ಓದುವ ತಂತ್ರಾಂಶವಾದರೋ 20 ಅಂಕಣಗಳಿಗಷ್ಟೇ ಮಾಹಿತಿ ಒದಗಿಸುತ್ತಿತ್ತು. ಹಿಂದಿನ ಕಡತಗಳಲ್ಲಿ 21ನೆಯ ಅಂಕಣಕ್ಕೆ 'ಏನಿದ್ದರೂ ಸರಿ' ಎಂಬ ಗುರುತಿದ್ದುದರಿಂದ ದೋಷ ತಿಂಗಳುಗಟ್ಟಲೆ ಅಡಗಿಯೇ ಇತ್ತು. ಅಂದು ಮೊದಲ ಬಾರಿಗೆ ಆ ಅಂಕಣವನ್ನು ನಿಜವಾಗಿ ನೋಡಬೇಕಾಗಿ ಬಂದಾಗ ತಂತ್ರಾಂಶ ಇಲ್ಲದ ಜಾಗದಲ್ಲಿ ಕೈಯಾಡಿಸಿತು. ಅದು ಕಾರ್ಯಾಚರಣಾ ವ್ಯವಸ್ಥೆಯ ಗರ್ಭಗುಡಿಯಲ್ಲೇ ಕುಳಿತಿದ್ದ ಕಾರಣ ಇಡೀ ಗಣಕವೇ ಕುಸಿಯಿತು. ಸಂಸ್ಥೆಯು 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಆ ವೇಳೆಗೆ ಕೆಟ್ಟು ನಿಂತಿದ್ದ ಗಣಕಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸಬೇಕಾಯಿತು.

ಗ್ರಾಹಕರು ಮುಖ್ಯ ತಂತ್ರಾಂಶದ ಹೊಸ ಆವೃತ್ತಿಯನ್ನು ತಡವಾಗಿ ಸ್ವೀಕರಿಸಲು ಅವಕಾಶವಿತ್ತು. ನಿಯಮಗಳ ಕಡತಕ್ಕೆ ಆ ಅವಕಾಶವಿರಲಿಲ್ಲ. ಅದು ಎಲ್ಲರಿಗೂ ಒಮ್ಮೆಲೇ ತಲುಪುತ್ತಿತ್ತು. ಆಸ್ಪತ್ರೆಯ ಗಣಕಕ್ಕೂ ಅಂಗಡಿಯ ಗಣಕಕ್ಕೂ ಇರುವ ಅಂತರವನ್ನು ಅದು ಲೆಕ್ಕಿಸಲಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆಯ 8 ಸರ್ವರ್‌ಗಳ ಪೈಕಿ ಒಂದರಲ್ಲಿ ಮಾತ್ರ ಹಳೆಯ ತಂತ್ರಾಂಶ ಉಳಿದುಹೋಯಿತು. ಮಾರುಕಟ್ಟೆ ತೆರೆಯುವ ಮುನ್ನವೇ ಅದರ ವ್ಯವಸ್ಥೆ 97 ಸ್ವಯಂಚಾಲಿತ ಇ-ಅಂಚೆಗಳನ್ನು ಕಳುಹಿಸಿತ್ತು. ಅವನ್ನು ಎಚ್ಚರಿಕೆಯೆಂದು ಯಾರೂ ಪರಿಗಣಿಸಲಿಲ್ಲ. ಸುಮಾರು 45 ನಿಮಿಷಗಳ ವ್ಯವಹಾರ 46 ಕೋಟಿ ಡಾಲರಿಗೂ ಮಿಕ್ಕಿದ ನಷ್ಟ ತಂದಿತು. ಅಲ್ಲಿ ಯಾರೂ ಅರಿಯದ ಭಿನ್ನತೆ, ಇಲ್ಲಿ ಎಲ್ಲೆಡೆ ಹೇರಿದ ಏಕರೂಪತೆ: ದಾರಿ ಬೇರೆಯಾದರೂ ಮೂಲ ಒಂದೇ. ಯಾವ ಯಂತ್ರದಲ್ಲಿ ಏನಿದೆ, ಯಾವ ಬದಲಾವಣೆ ಎಲ್ಲಿಗೆ ಯಾವಾಗ ತಲುಪಬೇಕು ಎಂಬ ಅರಿವು ಕಾವಲು ವ್ಯವಸ್ಥೆಯ ಭಾಗವಾಗಿರಲಿಲ್ಲ.

ಪರಿಹಾರ ಸುಲಭವೆಂದು ನಾವು ಹೇಳಲಾರೆವು. ದಾಳಿಕೋರರು ಕಾಯುವುದಿಲ್ಲ, ನಿಯಮಗಳನ್ನು ತಡಮಾಡಿದರೆ ಕಳ್ಳನಿಗೆ ಬಾಗಿಲು ತೆರೆದಂತೆ. ಆದರೂ ಮೊದಲು ಕೆಲವೇ ಗಣಕಗಳಿಗೆ ಕಳುಹಿಸಿ, ಅವು ಕ್ಷೇಮವಾಗಿದ್ದರೆ ಮುಂದುವರಿಯುವ ಹಂತ ಹಂತದ ಕ್ರಮ ಅಸಾಧ್ಯವೇನಲ್ಲ. ಘಟನೆಯ ಬಳಿಕ ಕ್ರೌಡ್‌ಸ್ಟ್ರೈಕ್ ಇದೇ ಮಾರ್ಗ ಹಿಡಿಯಿತು. ಗ್ರಾಹಕರಿಗೂ ಹೆಚ್ಚಿನ ಹಿಡಿತ ನೀಡಿತು.

ನಮ್ಮ ದೇಶದ ಅನುಭವವೂ ಗಮನಾರ್ಹ. ಅಂದು ಕೇವಲ 10 ಬ್ಯಾಂಕು ಹಾಗೂ ಬ್ಯಾಂಕೇತರ ಹಣಕಾಸು ಸಂಸ್ಥೆಗಳಲ್ಲಿ ಅಲ್ಪ ಅಡಚಣೆಯಾಯಿತೆಂದು ರಿಸರ್ವ್ ಬ್ಯಾಂಕ್ ತಿಳಿಸಿತು. ಆ ತಂತ್ರಾಂಶವನ್ನು ಬಳಸುತ್ತಿದ್ದ ಬ್ಯಾಂಕುಗಳು ಕೆಲವೇ ಆಗಿದ್ದುದು ಅದಕ್ಕೆ ಒಂದು ಕಾರಣ. ಎಲ್ಲರೂ ಒಂದೇ ಕಾವಲುಗಾರನನ್ನು ನೆಚ್ಚದಿರುವುದೂ ಒಂದು ರಕ್ಷಣೆಯೇ.

ನಮ್ಮಲ್ಲಿ ಅನೇಕರ ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ಇದೇ ಉದ್ಯೋಗದಲ್ಲಿದ್ದಾರೆ. ನಮ್ಮ ಪಿಂಚಣಿ, ಚಿಕಿತ್ಸೆ, ಊರಿಗೆ ಹೋಗುವ ಟಿಕೇಟು ಎಲ್ಲವೂ ಇಂತಹ ವ್ಯವಸ್ಥೆಗಳನ್ನೇ ಅವಲಂಬಿಸಿವೆ. ಆದ್ದರಿಂದ 'ಇದು ನಿಂತರೆ ಮುಂದೇನು?' ಎಂಬ ಪ್ರಶ್ನೆಯನ್ನು ಬ್ಯಾಂಕು, ಆಸ್ಪತ್ರೆಗಳ ಮುಂದಿಡುವ ಹಕ್ಕು ನಮಗೂ ಇದೆ. ಅಂದು ವಿಮಾನ ಹತ್ತಿಸಿದ್ದು ಒಂದು ಪೆನ್ನು, ಒಂದು ಕಾಗದ. ಅವುಗಳನ್ನು ಮೇಜಿನಿಂದ ಪೂರ್ತಿ ತೆಗೆದುಹಾಕುವ ಕಾಲ ಇನ್ನೂ ಬಂದಿಲ್ಲ.