ಆಡಿದ ಗಂಟೆಗಳು ಯಾರ ಆಸ್ತಿ?

ವಿಡಿಯೋ ಗೇಮ್ ಎಂದರೆ ಮೂಗು ಮುರಿಯುವವರೂ ಇದನ್ನು ಓದಬೇಕೆಂದು ನನ್ನ ಕೋರಿಕೆ. ಇಲ್ಲಿರುವುದು ಒಡೆತನದ ಜಗಳ.

ದೊಡ್ಡ ಆಟವೊಂದಕ್ಕೆ ನೂರು ಗಂಟೆ ಸಲ್ಲುತ್ತದೆ. ಎಲ್ಲಿಯವರೆಗೆ ಬಂದೆವು, ಯಾರನ್ನು ಉಳಿಸಿದೆವು, ಯಾರ ಕೈಬಿಟ್ಟೆವು ಎಂಬ ಲೆಕ್ಕವೆಲ್ಲ ಸೇವ್ ಫೈಲ್ ಎಂಬ ಪುಟ್ಟ ಕಡತದಲ್ಲಿರುತ್ತದೆ. ಆಟ ಕಟ್ಟಿದ್ದು ಕಂಪನಿ, ಈ ಕಡತ ತುಂಬಿಸಿದ್ದು ಆಡಿದವರು. ಆದರೆ ಕನ್ಸೋಲಿನಲ್ಲಿ ಅರ್ಧ ಆಡಿದ್ದನ್ನು ಕಂಪ್ಯೂಟರಿನಲ್ಲಿ ಮುಂದುವರಿಸಲು ಹೊರಡಿ. ಆಟಕ್ಕೆ ಎರಡನೇ ಸಲ ದುಡ್ಡು ಕೊಟ್ಟಿದ್ದರೂ ಬಹಳಷ್ಟು ಸಲ ಸಿಗುವ ಉತ್ತರ ಒಂದೇ: ಮೊದಲಿನಿಂದ ಆಡಿ.

ಕಾಲ ಮುಂದೆ ಹೋದಂತೆ ಈ ವಿಷಯದಲ್ಲಿ ನಾವು ಹಿಂದೆ ಬಂದಿದ್ದೇವೆ. ಮೊದಲ ಪ್ಲೇಸ್ಟೇಷನ್ನಿನ ಮೆಮೊರಿ ಕಾರ್ಡಿನಲ್ಲಿ ಇದ್ದದ್ದು ಬರೀ 128 ಕಿಲೋಬೈಟ್ ಜಾಗ. ಆದರೂ ಅದನ್ನು ಜೇಬಿಗೆ ಹಾಕಿಕೊಂಡು ಗೆಳೆಯನ ಮನೆಗೆ ಹೋಗಬಹುದಿತ್ತು. ಪ್ಲೇಸ್ಟೇಷನ್ 4ರಲ್ಲಿ ಬೀಗ ಹಾಕಿದ ರೂಪದಲ್ಲಾದರೂ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬಹುದಿತ್ತು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಅದರದೇ ಆಟಗಳ ಸೇವ್ ಪೆನ್‌ಡ್ರೈವಿಗೆ ಬಿಡಿಯಾಗಿ ಇಳಿಯುವುದಿಲ್ಲ. ಕನ್ಸೋಲಿನ ಹೊರಗೆ ಸೇವ್‌ನದೇ ಒಂದು ಬಿಡಿ ಪ್ರತಿ ಇರಲಿ ಎಂದರೆ ಪ್ಲೇಸ್ಟೇಷನ್ ಪ್ಲಸ್‌ಗೆ ಚಂದಾ ಕಟ್ಟಿ ಕ್ಲೌಡಿಗೆ ಏರಿಸಬೇಕು. ನಿಂಟೆಂಡೋ ಸ್ವಿಚ್ಚಿನಲ್ಲೂ ಸೇವ್ ಮೆಮೊರಿ ಕಾರ್ಡಿಗೆ ಹೋಗದು; ಸ್ಪ್ಲಟೂನ್ 2ರಂಥ ಆಟಗಳಿಗೆ ಚಂದಾ ಕಟ್ಟಿದರೂ ಕ್ಲೌಡ್ ಸೌಲಭ್ಯವಿಲ್ಲ. ನಮ್ಮದೇ ಭತ್ತವನ್ನು ಅವರ ಕಣಜದಲ್ಲಿಟ್ಟು, ಬಾಡಿಗೆಯನ್ನೂ ನಾವೇ ಕೊಡುವ ಏರ್ಪಾಡು.

ಕಂಪನಿಗಳ ಪರವಾಗಿ ಎರಡು ವಾದಗಳು ಕೇಳಿಬರುತ್ತವೆ. ಒಂದು, ಯಂತ್ರಗಳು ಬೇರೆ ಬೇರೆ ಎಂಬುದು. ಪ್ಲೇಸ್ಟೇಷನ್ 3ರ ಕಾಲಕ್ಕೆ ಇದು ನಿಜ, ಅದರ ಸೆಲ್ ಪ್ರೊಸೆಸರ್ ಬೇರೆಯೇ ಜಾತಿಯದು. ಆದರೆ 2013ರಿಂದ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡರಲ್ಲೂ ಇರುವುದು ಪಿಸಿಯ ವಂಶದ ಎಎಂಡಿ ಚಿಪ್ಪುಗಳೇ. ತೀರಾ ಬೇರೆ ಯಂತ್ರವಾದ ಸ್ವಿಚ್ಚಿಗೂ ಪಿಸಿಗೂ ನಡುವೆ ದಿ ವಿಚರ್ 3 ಆಟದ ಸೇವ್ 2020ರಲ್ಲೇ ಓಡಾಡತೊಡಗಿತು. ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ ನಡುವೆ ಪ್ಲೇ ಎನಿವೇರ್ ಎಂಬ ವ್ಯವಸ್ಥೆ 2016ರಿಂದಲೇ ಇದೆ. ಮನಸ್ಸಿದ್ದರೆ ಮಾರ್ಗವಿದೆ.

ಇನ್ನೊಂದು, ಜನ ಕಡತ ತಿದ್ದಿ ಮೋಸ ಮಾಡುತ್ತಾರೆ ಎಂಬುದು. ಹಲವರು ಸೇರಿ ಆಡುವ ಪಂದ್ಯಕ್ಕೆ ಈ ಮಾತು ಸರಿ. ಒಬ್ಬಳೇ ಕೂತು ಆಡುವ ಕಥಾಪ್ರಧಾನ ಆಟದಲ್ಲಿ ಚಿನ್ನದ ನಾಣ್ಯ ಹೆಚ್ಚು ಮಾಡಿಕೊಂಡರೆ ಮೋಸಹೋದವರು ಯಾರು?

ನಿಜವಾದ ಕಾರಣ 2018ರಲ್ಲಿ ಬಯಲಾಗಿತ್ತು. ಫೋರ್ಟ್‌ನೈಟ್ ಆಟ ಸ್ವಿಚ್ಚಿಗೆ ಬಂದಾಗ, ಒಮ್ಮೆ ಪ್ಲೇಸ್ಟೇಷನ್ನಿಗೆ ಜೋಡಿಸಿದ್ದ ಖಾತೆ ಅಲ್ಲಿ ತೆರೆಯಲೇ ಇಲ್ಲ. ಆಟಗಾರರು ಗಲಾಟೆ ಎಬ್ಬಿಸಿದರು. ಕೆಲವೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಸೋನಿ ಆ ತಡೆ ತೆಗೆಯಿತು. ಅಷ್ಟು ಬೇಗ ತೆಗೆಯಲು ಬಂದದ್ದು ತಂತ್ರಜ್ಞಾನದ ಗೋಡೆಯಾಗಿರಲು ಸಾಧ್ಯವೇ? ಅದು ಗಿರಾಕಿ ಪಕ್ಕದಂಗಡಿಗೆ ಹೋಗದಂತೆ ಹಾಕಿದ ಬೇಲಿ.

ಕನ್ನಡದಲ್ಲಿ ಬರೆಯುವವರಿಗೆ ಇದು ಹೊಸ ಕಷ್ಟವೇನೂ ಅಲ್ಲ. ಯೂನಿಕೋಡ್ ಹರಡುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನ ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತಿದ್ದುದು ನೆನಪಿರಬೇಕು. ಆದರೆ ಆ ಕಡತ ನಮ್ಮ ಕೈಯಲ್ಲಿತ್ತು. ಹಾಗಾಗಿಯೇ ಯಾರೋ ಕೂತು ಪರಿವರ್ತಕ ಬರೆದರು, ಬರಹ ಉಳಿಯಿತು. ಸೇವ್ ಫೈಲಿನ ಗತಿ ಇನ್ನೂ ಕೆಟ್ಟದ್ದು. ಪರಿವರ್ತಿಸಬಲ್ಲವರಿದ್ದಾರೆ, ಕಡತವೇ ಕೈಗೆ ಸಿಗುವುದಿಲ್ಲ. ನಾಳೆ ಆಟಗಳ ಬಗ್ಗೆ ಸಂಶೋಧನೆ ಮಾಡುವವರಿಗೆ ಆಟಗಳು ಸಿಕ್ಕಾವು. ನಮ್ಮ ತಲೆಮಾರು ಅವನ್ನು ಹೇಗೆ ಆಡಿತು ಎಂಬ ದಾಖಲೆ ಸಿಗಲಾರದು.

ಕಾನೂನು ಏನನ್ನುತ್ತದೆ? ಯುರೋಪಿನ ಜಿಡಿಪಿಆರ್‌ನ 20ನೇ ವಿಧಿ, ನಾವು ಕೊಟ್ಟ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಮರಳಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕನ್ನು ಕೊಟ್ಟಿದೆ. ನಮ್ಮ 2019ರ ಮಸೂದೆಯಲ್ಲೂ ಅಂಥ ಹಕ್ಕಿತ್ತು. 2023ರ ಕಾಯ್ದೆಯಲ್ಲಿ ಅದು ಇಲ್ಲ. ಸೇವ್ ಫೈಲ್ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ನ್ಯಾಯಾಲಯದಲ್ಲಿ ವಾದಿಸಬಹುದು, ಆದರೆ ವಾದಿಸಲು ಒಂದು ಕಲಮಾದರೂ ಬೇಕಲ್ಲ. 2011ರಲ್ಲಿ ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ಸೇವ್ ಫೈಲನ್ನು ಚಂದಾ ಇಲ್ಲದೆ ನಕಲು ಮಾಡಿಕೊಳ್ಳಲು ಬಿಡಿ. ಒಬ್ಬರೇ ಆಡುವ ಆಟಗಳಲ್ಲಿ ಅದಕ್ಕೆ ಹಾಕಿದ ಬೀಗ ತೆಗೆಯಿರಿ. ಪಿಸಿಗೂ ಕನ್ಸೋಲಿಗೂ ಒಂದೇ ಆಟ ಮಾರುವವರು, ಸೇವ್ ಸಾಗಿಸಲು ಬರುತ್ತದೋ ಇಲ್ಲವೋ ಎಂದು ಡಬ್ಬಿಯ ಮೇಲೇ ಅಚ್ಚು ಹಾಕಲಿ. ಕೊಳ್ಳುವ ಮುಂಚೆ ನಾವೂ ಅದನ್ನು ಕೇಳುವ ರೂಢಿ ಮಾಡಿಕೊಳ್ಳೋಣ.