ಕಾಡು ಖಾಲಿ ಮನೆಯಲ್ಲ



ವಾರಾಂತ್ಯ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ವಾಹನಗಳು ಸಾಲುಗಟ್ಟಿ ಹಳಿಯಾಳ, ದಾಂಡೇಲಿ, ಜೋಯಿಡಾಗಳ ಹಾದಿ ಹಿಡಿಯುತ್ತವೆ. ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬರುವವರೂ ಇದ್ದಾರೆ. ನಮ್ಮ ಧರ್ಮಕೇಂದ್ರಗಳ ಯುವಕ ಸಂಘಗಳು, ಕುಟುಂಬ ಕೂಟಗಳು ಕೂಡ ಈ ಸಾಲಿನಲ್ಲಿವೆ. ಏಕೆ ಬಂದಿರೆಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ: “ಪೇಟೆಯಿಂದ ತಪ್ಪಿಸಿಕೊಳ್ಳಲು.” ದಣಿದ ಜೀವ ವಿಶ್ರಾಂತಿ ಬಯಸುವುದು ತಪ್ಪಲ್ಲ. ಆದರೆ ತಪ್ಪಿಸಿಕೊಂಡು ಬಂದ ನಾವು ಯಾರ ಅಂಗಳದಲ್ಲಿ ಬಂದಿಳಿದಿದ್ದೇವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ಎಷ್ಟು ಮಂದಿ?

ಗಣೇಶಗುಡಿಯ ಬಳಿ ರಬ್ಬರ್ ದೋಣಿಯೇರಿ ಕಾಳಿ ನದಿಯ ರಭಸಕ್ಕೆ ಕೇಕೆ ಹಾಕುವವರನ್ನು ನೋಡಿರಿ. ಆ ರಭಸ ಕೇವಲ ಪ್ರಕೃತಿಯದಲ್ಲ. ಮೇಲಿನ ಸೂಪಾ ಅಣೆಕಟ್ಟೆಯಲ್ಲಿ ವಿದ್ಯುತ್ ಯಂತ್ರಗಳನ್ನು ತಿರುಗಿಸಿದ ನೀರು ಕೆಳಗೆ ಹರಿದಾಗಲೇ ಅಲ್ಲಿ ದೋಣಿಗಳ ಆಟ ನಡೆಯುತ್ತದೆ. 101 ಮೀಟರ್ ಎತ್ತರದ ಆ ಅಣೆಕಟ್ಟೆ 1987ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ನೆಲೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ನಾವು ಯಾವ ಪೇಟೆಯ ಬೆಳಕಿನಿಂದ ಓಡಿ ಬಂದೆವೋ ಆ ಬೆಳಕಿಗೆ ಎಣ್ಣೆಯೆರೆದ ನಾಡು ಇದು. ಇಲ್ಲಿಗೆ ಬಂದು ಪೇಟೆಯಿಂದ ತಪ್ಪಿಸಿಕೊಂಡೆವೆಂದು ಹೇಳುವುದು, ಸಾಲ ಕೊಟ್ಟವನ ಮನೆಯಲ್ಲೇ ಉಂಡು ಸಾಲ ಮರೆತಂತೆ.

ಈ ಕಾಡಿನಲ್ಲಿ ಜನರಿದ್ದಾರೆ. ಜೋಯಿಡಾದ ಕುಣಬಿಗಳು ತಲೆಮಾರುಗಳಿಂದ ಗೆಡ್ಡೆಗೆಣಸುಗಳ ಹತ್ತಾರು ತಳಿಗಳನ್ನು ಉಳಿಸಿಕೊಂಡು ಬಂದ ಕೃಷಿಕರು. ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಸಿದ್ದಿಗಳು ಆಫ್ರಿಕದಿಂದ ತರಲ್ಪಟ್ಟವರ ಸಂತತಿ. ಅವರಲ್ಲಿ ಅನೇಕರು ನಮ್ಮ ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥಿಸುವ ಸಹೋದರ ಸಹೋದರಿಯರು. ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಅವರಿಗೆ ದೊರೆತದ್ದು 2003ರಲ್ಲಿ ಮಾತ್ರ. ಸಂಜೆಯ ಬೆಂಕಿಯ ಸುತ್ತ ಅವರ ಡಮಾಮಿ ಕುಣಿತವನ್ನು ನೋಡಿ ಚಪ್ಪಾಳೆ ತಟ್ಟುವ ನಾವು, ಬೆಳಗಾದ ಮೇಲೆ ಅವರ ಹಾಡಿಯ ದಾರಿಯಾದರೂ ಎಲ್ಲಿದೆಯೆಂದು ವಿಚಾರಿಸುತ್ತೇವೆಯೇ?

ಇನ್ನೊಂದು ಕಹಿ ಸತ್ಯವನ್ನೂ ಗಮನಿಸಿರಿ. ದಾಂಡೇಲಿ ಮತ್ತು ಅಣಶಿಯ ಅರಣ್ಯಗಳು ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹುಲಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಒಳಕಾಡಿನ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೊರಗೆ ನೆಲೆಗೊಳಿಸುವ ಯೋಜನೆಯಿದೆ. ಕುಟುಂಬಕ್ಕೆ 10 ಲಕ್ಷ ರೂಪಾಯಿಯಿದ್ದ ಪರಿಹಾರವನ್ನು 2021ರಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ಸ್ವಇಚ್ಛೆಯಿಂದ ಹೊರಟವರೂ ಇದ್ದಾರೆ, ಶಾಲೆ ಆಸ್ಪತ್ರೆಗಳಿಲ್ಲದ ಬದುಕಿಗೆ ಬೇಸತ್ತು ಹೊರಟವರೂ ಇದ್ದಾರೆ. ಆದರೆ ಒಲೆಗೆ ಸೌದೆ ಆಯುವ ಮುದುಕಿಯ ಹೆಜ್ಜೆ ಕಾಡಿಗೆ ಭಾರವಾಗುತ್ತದೆ ಎನ್ನುವ ಕಾಲದಲ್ಲೇ, ಅದೇ ಕಾಡಿನ ಅಂಚಿನಲ್ಲಿ ಮಧ್ಯರಾತ್ರಿಯವರೆಗೆ ಅಬ್ಬರಿಸುವ ಧ್ವನಿವರ್ಧಕಗಳು ಯಾರಿಗೂ ಭಾರವಾಗುವುದಿಲ್ಲವೇ? ಬಡವನ ಇರವು ಅಪರಾಧ, ಹಣವಂತನ ವಿಹಾರ ಅಭಿವೃದ್ಧಿ ಎಂಬ ನ್ಯಾಯವನ್ನು ನಾವು ಒಪ್ಪಬಹುದೇ?

ಗದ್ದಲದ ಪರಿಣಾಮ ತಿಳಿಯಲು ದಟ್ಟ ಕಾಡಿನವರೆಗೆ ಹೋಗಬೇಕಾಗಿಲ್ಲ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೀಮೆಯಲ್ಲಿ, ಇಂದೂರ ಗ್ರಾಮವಿರುವ ಮುಂಡಗೋಡ ತಾಲೂಕಿನಲ್ಲೇ, ಅತ್ತಿವೇರಿ ಪಕ್ಷಿಧಾಮವಿದೆ. ಅದರ ವಿಸ್ತಾರ ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಜಲಾಶಯವನ್ನು ನಂಬಿ ಬರುವ ಹಕ್ಕಿಗಳು ಅಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಒಂದು ಪಟಾಕಿ, ಒಂದು ಸಿಳ್ಳೆ, ಒಂದು ಹಾಡಿನ ಅಬ್ಬರ ಸಾಕು. ತಾಯಿಹಕ್ಕಿ ಗೂಡು ಬಿಟ್ಟು ಹಾರುತ್ತದೆ, ಕಾಗೆಗೆ ಮೊಟ್ಟೆ ಸಿಗುತ್ತದೆ. ನಮಗದು ಒಂದು ಗಳಿಗೆಯ ಮೋಜು, ಹಕ್ಕಿಗೆ ಆ ವರ್ಷದ ಸಂಸಾರವೇ ನಷ್ಟ.

“ನಾವು ಬಂದರೆ ತಾನೆ ಅಲ್ಲಿಯವರಿಗೆ ನಾಲ್ಕು ಕಾಸು?” ಎಂದು ಕೆಲವರು ವಾದಿಸುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಪ್ರವಾಸಿಗರನ್ನು ನಂಬಿ ಒಲೆ ಹೊತ್ತಿಸುವ ಮನೆಗಳು ದಾಂಡೇಲಿ, ಜೋಯಿಡಾಗಳಲ್ಲಿವೆ. ಅವರ ಅನ್ನವನ್ನು ನಾನು ಹಳಿಯಲಾರೆ. ಆದರೆ ನಾಲ್ಕು ಕಾಸು ಯಾರ ಕೈ ಸೇರುತ್ತದೆ ಎಂದು ಕೇಳುವ ಹೊಣೆ ಕೊಡುವವನದು. ತಂಗುವ ಮನೆ ಸ್ಥಳೀಯರದೋ, ದೂರದ ಬಂಡವಾಳಗಾರನದೋ? ದಾರಿ ತೋರಿಸುವ ಹುಡುಗನಿಗೆ ನ್ಯಾಯವಾದ ಕೂಲಿ ದೊರೆಯುತ್ತದೆಯೋ? ತರಕಾರಿ ಪಕ್ಕದ ಹೊಲದ್ದೋ, ಪೇಟೆಯಿಂದ ಹೇರಿ ತಂದದ್ದೋ? ಇಷ್ಟನ್ನು ಕೇಳದೆ ಕೊಟ್ಟ ಹಣವನ್ನು ಉಪಕಾರವೆಂದು ಕರೆದುಕೊಳ್ಳುವ ಹಕ್ಕು ನಮಗಿಲ್ಲ.

ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳಲಿ ಎಂದು ಕೈಕಟ್ಟಿ ಕುಳಿತರೂ ಪ್ರಯೋಜನವಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಕಿಕ್ಕಿರಿದ ಚಿತ್ರಗಳನ್ನು ನಾಡೇ ನೋಡಿತು. ಆಮೇಲೆ, ಆನ್‌ಲೈನ್ ನೋಂದಣಿಯಿಲ್ಲದ ಕಡೆ ಚಾರಣವನ್ನು ಸರ್ಕಾರ ತಡೆಹಿಡಿಯಿತು. ನಿಯಮ ಬೇಕು, ನಿಜ. ಆದರೆ ನಿಯಮವು ಜನರ ಸಂಖ್ಯೆಗೆ ಮಿತಿ ಹಾಕಬಲ್ಲದು, ಮನಸ್ಸಿಗೆ ವಿನಯವನ್ನು ಕಲಿಸಲಾರದು.

ಆ ವಿನಯಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಜೋಯಿಡಾ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಹೂಡಿ, ಕಾಡಿನ ನಡುವೆ ತಂಗುತ್ತ, ದಿನಗಟ್ಟಲೆ ಪಯಣಿಸಿ ಅಲ್ಲಿಗೆ ತಲುಪುವ ಪದ್ಧತಿ ಇಂದಿಗೂ ಉಳಿದಿದೆ. ಬಯಲುಸೀಮೆಯ ಮನುಷ್ಯನಿಗೂ ಕಾಡಿಗೂ ಇದ್ದ ಹಳೆಯ ನಂಟು ಅದು. ಅವರು ಯಾವುದರಿಂದಲೂ ತಪ್ಪಿಸಿಕೊಂಡು ಹೋಗುವವರಲ್ಲ. ಒಂದರ ಕಡೆಗೆ ಹೋಗುವವರು. ಯೇಸುಸ್ವಾಮಿಯೂ ಬೆಟ್ಟವೇರಿ ಏಕಾಂತದಲ್ಲಿ ಪ್ರಾರ್ಥಿಸಿದರು, ಇಳಿದು ಬಂದು ಜನರ ಕಣ್ಣೀರೊರೆಸಿದರು. ಏಕಾಂತವು ನೆರೆಯವನನ್ನು ಮರೆಸಿದರೆ ಅದು ವಿಶ್ರಾಂತಿಯಲ್ಲ, ಬರೀ ಪಲಾಯನ.

ಆದ್ದರಿಂದ, ಪ್ರಿಯ ಕುಟುಂಬಗಳೇ, ಮಕ್ಕಳನ್ನು ಕಾಡಿಗೆ ಅವಶ್ಯವಾಗಿ ಕರೆದೊಯ್ಯಿರಿ. ದೂರದರ್ಶನದ ಪರದೆಯಲ್ಲಿ ಮಾತ್ರ ಮಂಗಟ್ಟೆ ಹಕ್ಕಿಯನ್ನು ನೋಡಿ ಬೆಳೆಯುವ ಮಗು ಬಡವಾಗುತ್ತದೆ. ಆದರೆ ಧ್ವನಿವರ್ಧಕವನ್ನು ಮನೆಯಲ್ಲೇ ಬಿಡಿರಿ. ಒಯ್ದ ಪ್ಲಾಸ್ಟಿಕ್ಕನ್ನು ಒಂದೂ ಉಳಿಯದಂತೆ ಮರಳಿ ತನ್ನಿರಿ. ಊರಿನವರ ಮನೆಯಲ್ಲಿ ಉಣ್ಣಿರಿ, ಬೆಲೆಯಲ್ಲಿ ಚೌಕಾಸಿ ಮಾಡಬೇಡಿರಿ. ಉಣಬಡಿಸಿದ ತಾಯಿಯ ಹೆಸರನ್ನು ಮಕ್ಕಳು ಕೇಳಿ ತಿಳಿಯಲಿ. ಅವರ ಊರಿಗೆ ಬಸ್ಸು ಬರುತ್ತದೆಯೇ, ಶಾಲೆಯಲ್ಲಿ ಶಿಕ್ಷಕರಿದ್ದಾರೆಯೇ, ಜಮೀನಿಗೆ ಹಕ್ಕುಪತ್ರ ಸಿಕ್ಕಿದೆಯೇ ಎಂದು ಹಿರಿಯರು ವಿಚಾರಿಸಲಿ.

ಅತಿಥಿಯಾಗಿ ಹೋದವನಿಗೆ ಮನೆಯವರ ಮುಖ ನೆನಪಿರುತ್ತದೆ. ಕಾಡಿನಿಂದ ಮರಳಿದ ಮೇಲೆ ನಮ್ಮ ಮೊಬೈಲಿನಲ್ಲಿ ಜಲಪಾತದ ನೂರು ಚಿತ್ರಗಳಿದ್ದು, ಅಲ್ಲಿಯ ಒಬ್ಬ ಮನುಷ್ಯನ ಹೆಸರೂ ನಮಗೆ ನೆನಪಿಲ್ಲವಾದರೆ, ನಾವು ಇನ್ನೂ ಆ ಮನೆಯೊಳಗೆ ಕಾಲಿಟ್ಟಿಲ್ಲವೆಂದೇ ಅರ್ಥ.