ಜಾರುವ ಗಾಲಿಗೆ ಕಡಿವಾಣ

ವೇಗದ ಕಾರಿನ ಮಾತು ಬಂದೊಡನೆ ನಮ್ಮ ಗೆಳೆಯರು ಅಶ್ವಶಕ್ತಿಯನ್ನು ಎಣಿಸತೊಡಗುತ್ತಾರೆ. ಆ ಶಕ್ತಿಯನ್ನು ಎರಡು ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಬಗೆಗೆ ವಿಚಾರಿಸುವವರು ವಿರಳ. ವಿಚಾರಿಸಿದವರೂ ಎಲ್ಲಕ್ಕಿಂತ ಬಿಗಿಯಾದುದೇ ಉತ್ತಮವೆಂದು ತೀರ್ಮಾನಿಸುವುದುಂಟು. ಅದು ಸರಿಯಲ್ಲವೆಂಬುದು ನನ್ನ ಅಭಿಮತ. ಕಲಾ ವಿಭಾಗದವನಿಗೆ ಯಂತ್ರದ ಗೊಡವೆ ಏಕೆಂದು ಅಧ್ಯಾಪಕರು ನಗಬಹುದು. ನಗಲಿ, ಕಾರಿಗೆ ಹಣ ತೆರುವವರೂ ಅದರಲ್ಲಿ ಕೂಡುವವರೂ ಎಂಜಿನಿಯರುಗಳಷ್ಟೇ ಅಲ್ಲವಲ್ಲ!

ಎತ್ತಿನ ಬಂಡಿಯ ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಿರುಗುತ್ತವೆ. ಎಳೆಯುವ ಬಲ ನೊಗದಿಂದ ಬರುತ್ತದೆ. ಕಾರಿನಲ್ಲಿ ಗಾಲಿಯೇ ದುಡಿಯಬೇಕು. ಗಾಲಿಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಒಂದು ಪೂರ್ಣ ಸುತ್ತಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಸುಮಾರು 9.4 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಈ ವ್ಯತ್ಯಾಸಕ್ಕೆ ಎಡೆಗೊಡುವುದೇ ಡಿಫರೆನ್ಷಿಯಲ್ಲಿನ ಕೆಲಸ. ಆದರೆ ಸಾಮಾನ್ಯ ಡಿಫರೆನ್ಷಿಯಲ್ ಎರಡು ಗಾಲಿಗಳಿಗೂ ಸಮಬಲವನ್ನೇ ಕೊಡುವುದರಿಂದ, ಒಂದು ಜಾರಿದರೆ ಮತ್ತೊಂದಕ್ಕೂ ಆ ಜಾರುವ ಗಾಲಿ ತಾಳುವಷ್ಟೇ ಬಲ ದೊರೆಯುತ್ತದೆ.

ಇದನ್ನು ಕಾಣಲು ರೇಸಿನ ಮೈದಾನಕ್ಕೆ ಹೋಗಬೇಕಾಗಿಲ್ಲ. ವಳಕಮದಿನ್ನಿಯ ಸುತ್ತಣ ಎರೆ ಸೀಮೆಯಲ್ಲಿ ಮಳೆಯಾದ ಮೇಲೆ ಹೂತ ಟ್ರ್ಯಾಕ್ಟರನ್ನು ನೋಡಿದರೆ ಸಾಕು. ಒಂದು ಗಾಲಿ ರಾಡಿಯಲ್ಲಿ ಗಿರ್ರನೆ ಸುತ್ತುತ್ತದೆ; ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲುಗದು. ಬಲ್ಲ ಚಾಲಕನು ಡಿಫರೆನ್ಷಿಯಲ್ ಲಾಕಿನ ಪೆಡಲ್ ತುಳಿದು ಎರಡನ್ನೂ ಒಂದಾಗಿಸಿ ಹೊರಬರುತ್ತಾನೆ. ಬಂದೊಡನೆ, ತಿರುಗಿಸುವ ಮೊದಲೇ, ಪೆಡಲ್ ಬಿಡುತ್ತಾನೆ. ಈ ಬಿಡುವ ವಿವೇಕವೇ ಮುಖ್ಯವಾದುದು. ವೇಗದ ಕಾರಿನಲ್ಲಿ ತಿರುವು ತಿರುವಿಗೂ ಪೆಡಲ್ ತುಳಿದು ಬಿಡಲಾದೀತೇ? ಹಿಡಿತವೂ ಸಡಿಲಿಕೆಯೂ ತಾನಾಗಿ ನಡೆಯಬೇಕು. ಆಟೋ ಯೂನಿಯನ್ ರೇಸಿನ ಕಾರುಗಳ ಹಿಂಗಾಲಿಗಳು ಅತಿಶಕ್ತಿಯಿಂದ ಜಾರುತ್ತಿದ್ದುದನ್ನು ಕಂಡು ಫರ್ಡಿನಾಂಡ್ ಪೋರ್ಷೆಯವರು 1935ರಲ್ಲಿ ಜರ್ಮನಿಯ ಝಡ್‌ಎಫ್ ಸಂಸ್ಥೆಯಿಂದ ಮಾಡಿಸಿದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲಿನ ಹಿಂದೆ ಇದ್ದುದು ಈ ಅಗತ್ಯವೇ.

ಇಂದು ಕೊಳ್ಳುವವನ ಮುಂದೆ ಮುಖ್ಯವಾಗಿ ಎರಡು ಬಗೆಗಳಿವೆ. ಕ್ಲಚ್ ಪ್ಲೇಟುಗಳದು ಬಲವಾಗಿ ಹಿಡಿಯುತ್ತದೆ, ಗಾಲಿ ಮೇಲೆದ್ದರೂ ಕೈಬಿಡದು. ಆದರೆ ಪ್ಲೇಟು ಸವೆಯುತ್ತದೆ, ಅದಕ್ಕೆ ತಕ್ಕ ಎಣ್ಣೆಯೇ ಬೇಕು, ನಿಧಾನದ ತಿರುವಿನಲ್ಲಿ ಬಿಗಿಯಾದವು ಕಟಕಟನೆ ಸದ್ದು ಮಾಡುತ್ತವೆ. ಓರೆಹಲ್ಲಿನ ಗೇರುಗಳದು ಮೃದು, ಹೆಚ್ಚು ಸವೆಯದು. ಅದರ ಅನುಪಾತ ಮೂರಕ್ಕೆ ಒಂದಾದರೆ, ಜಾರುವ ಗಾಲಿ ತಾಳಿದಷ್ಟರ ಮೂರು ಪಟ್ಟಿನವರೆಗೆ ಹಿಡಿತವಿರುವ ಗಾಲಿಗೆ ಸಾಗಿಸಬಲ್ಲದು. ಗಾಲಿ ಪೂರ್ತಿ ಮೇಲೆದ್ದಾಗ ಮಾತ್ರ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ.

ನಮ್ಮಲ್ಲಿ ಮಧ್ಯಮ ವರ್ಗದವರ ಕೈಗೆಟಕುವ ಚುರುಕಿನ ಕಾರುಗಳಲ್ಲಿ ಬಹುಪಾಲು ಮುಂಗಾಲಿಗಳಿಂದ ನಡೆಯತಕ್ಕವು. ಅವುಗಳಿಗೆ ಬಿಗಿಯಾದ ಪ್ಲೇಟಿನದನ್ನು ಹಾಕಿದರೆ ಸ್ಟೇರಿಂಗನ್ನೇ ಕೈಯಿಂದ ಜಗ್ಗುತ್ತದೆ. ಹೋಂಡಾ ಸಿವಿಕ್ ಟೈಪ್ ಆರ್‌ನಂತಹ ಹೆಸರಾಂತ ಮುಂಗಾಲಿ ಕಾರಿನಲ್ಲೂ ಓರೆಹಲ್ಲಿನ ಬಗೆಯೇ ಇದೆ. ಮಸ್ಕಿಗೂ ಸಿಂಧನೂರಿಗೂ ದಿನವೂ ಓಡಾಡುವ ಕಾರಿಗೆ ನಾನು ಅದನ್ನೇ ಆರಿಸುವೆನು. ರೇಸಿಗೆಂದೇ ಇಟ್ಟ, ಪದೇಪದೇ ಬಿಚ್ಚಿ ಕಟ್ಟಲು ಹಣವಿರುವ ಕಾರಿಗೆ ಪ್ಲೇಟಿನದು ಇರಲಿ.

ಇನ್ನು ಡಿಫರೆನ್ಷಿಯಲ್ಲಿನ ಹಲ್ಲುಗಳಿಗೆ ವೆಲ್ಡಿಂಗ್ ಮಾಡಿಸಿ ಶಾಶ್ವತವಾಗಿ ಬಿಗಿಯುವ ಅಗ್ಗದ ದಾರಿಯೊಂದಿದೆ. ಆ 9.4 ಮೀಟರಿನ ಲೆಕ್ಕವನ್ನು ಆಗ ಟಾಯರೇ ಉಜ್ಜಿ ತೀರಿಸಬೇಕು. ತೀರಿಸಲಾಗದಾಗ ಅಚ್ಚು ಮುರಿಯಬಹುದು, ಒದ್ದೆ ರಸ್ತೆಯಲ್ಲಿ ಹಿಂಭಾಗವೇ ಸರಿದು ಎದುರಿನ ಬಸ್ಸಿಗೆ ಅಡ್ಡವಾಗಬಹುದು. ಟ್ರ್ಯಾಕ್ಟರಿನವನು ಕ್ಷಣಮಾತ್ರ ತುಳಿದು ಬಿಡುವುದನ್ನು ಇವರು ಎಂದೆಂದಿಗೂ ತುಳಿದೇ ಇರುತ್ತಾರೆ. ಅಂತಹ ಕಾರಿನಲ್ಲಿ, ಗೆಳೆಯನದೇ ಆಗಿರಲಿ, ನಾನು ಕೂಡಲಾರೆ.